ಅಡುಗೆಮನೆಯ ಕೊಳಕು ನೀರಿಗೆ ಸ್ಟೀಲ್ ಪೈಪ್: ಮಣ್ಣಿನಡಿ ಜೋಡಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಸಭಾಭವನ, ದೇವಸ್ಥಾನಗಳ ಅಡುಗೆಮನೆಯಲ್ಲಿ ಕೊಪ್ಪರಿಗೆಯ ಅನ್ನ ಬಸಿದಾಗ ಕುದಿಯುವ ತೆಳಿ ನೇರವಾಗಿ ಚರಂಡಿ ಪೈಪಿಗೆ ಹೋಗುತ್ತದೆ. ಪಿವಿಸಿ ಸುಮಾರು 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಪೈಪ್ ಬಗ್ಗುತ್ತದೆ, ಜಾಯಿಂಟ್ ಬಿಡುತ್ತದೆ. ಮುರಕಲ್ಲಿನ ನೆಲದಲ್ಲಿ ತೂತುಗಳು ಜಾಸ್ತಿ. ಸೋರಿದ ನೀರು ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಅಡುಗೆಮನೆಯಿಂದ ಜಿಡ್ಡಿನ ಗುಂಡಿಯವರೆಗಾದರೂ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕುವುದು ಒಳ್ಳೆಯದು. ಅಲ್ಲಿ ನೀರು ತಣಿದ ಮೇಲೆ ಮುಂದಕ್ಕೆ ಪಿವಿಸಿ ಸಾಕು.

ಆದರೆ "ಸ್ಟೀಲ್ ಅಲ್ವಾ, ತುಕ್ಕು ಹಿಡಿಯಲ್ಲ" ಎಂದು ಸುಮ್ನೆ ಹೂತುಬಿಡಬಾರದು. ಈ ಉಕ್ಕನ್ನು ಕಾಯುವುದು ಅದರಲ್ಲಿರುವ ಕ್ರೋಮಿಯಂ. ಗಾಳಿ ತಾಗಿದಾಗ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಉಪ್ಪು ಆ ಪದರವನ್ನು ಒಡೆಯುತ್ತದೆ. ಗಾಳಿಯಾಡದ ಸಂದಿಯಲ್ಲಿ ಅದು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಅದಕ್ಕೇ ಪೈಪ್ ಕೆಡುವುದು ಹೆಚ್ಚಾಗಿ ಜಾಯಿಂಟಿನಲ್ಲಿ.

ಮೊದಲು ಪೈಪಿನ ಆಯ್ಕೆ. ಕಡಲ ಕರೆಯ ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗೆ, ಬೇಸಿಗೆಯಲ್ಲಿ ಉಪ್ಪುನೀರು ಏರುವ ಹೊಳೆಬದಿಗಳಿಗೆ 316ಎಲ್ ಎಂಬ ದರ್ಜೆಯ ಸ್ಟೀಲ್ ತೆಗೆದುಕೊಳ್ಳಿ. ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಹೆಚ್ಚು ತಡೆಯುತ್ತದೆ. ಪೆರ್ಲ, ಮುಳ್ಳೇರಿಯದಂಥ ಒಳನಾಡಿಗೆ ಸಾಮಾನ್ಯವಾಗಿ 304ಎಲ್ ಆಗುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಏನೂ ಗೊತ್ತಾಗದು. ಅಗ್ಗದ 202 ಕೂಡ ಅದಕ್ಕೆ ಅಂಟುವುದಿಲ್ಲ. ಕಾರ್ಖಾನೆಯ ಪರೀಕ್ಷಾ ಪತ್ರ ಕೇಳಿ ಪಡೆಯಿರಿ.

ಕೆಲಸ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಮುಗಿಯಬೇಕು. ಮಳೆ ಹಿಡಿದರೆ ಪೈಪ್ ಹೂಳಲು ತೋಡಿದ ಕಣಿಯಲ್ಲಿ ನೀರು ನಿಲ್ಲುತ್ತದೆ, ಒಣ ಜಾಯಿಂಟ್ ಸಿಗುವುದಿಲ್ಲ. ಕಣಿಯ ತಳದಲ್ಲಿ ಚೂಪು ಕಲ್ಲು ಹೆಕ್ಕಿ, 10 ಸೆಂ.ಮೀ. ತೊಳೆದ ಮರಳು ಹಾಸಿ. ಕಡಲ ಮರಳು ಖಂಡಿತ ಬೇಡ. 100 ಮಿ.ಮೀ. ಪೈಪಿಗೆ 6 ಮೀಟರಿಗೆ 10 ಸೆಂ.ಮೀ. ಇಳಿಜಾರು ಕೊಡಿ.

ಇನ್ನು ಜೋಡಣೆ. ಇಲ್ಲಿ ಅವಸರ ಮಾಡಲೇಬೇಡಿ. ವೆಲ್ಡಿಂಗ್ ಬೇಕಿದ್ದರೆ ಅದನ್ನು ವರ್ಕ್‌ಶಾಪಿನಲ್ಲೇ ಮುಗಿಸಿ, ಕಣಿಯಲ್ಲಿ ರಬ್ಬರ್ ರಿಂಗಿನ ಸಾಕೆಟ್ ಜಾಯಿಂಟ್ (ಒಂದು ಪೈಪಿನ ಅಗಲ ಬಾಯಿಗೆ ಇನ್ನೊಂದರ ತುದಿ ತೂರಿಸುವ ಜೋಡಣೆ) ಮಾತ್ರ ಮಾಡಿ ಎಂಬುದು ನನ್ನ ಸಲಹೆ. ವೆಲ್ಡಿಂಗಿಗೆ ಒಳಗಿನಿಂದಲೂ ಆರ್ಗಾನ್ ಗ್ಯಾಸ್ ಹಾಯಿಸಬೇಕು. ಇಲ್ಲದಿದ್ದರೆ ಒಳಮೈ ಸುಟ್ಟು ಕಪ್ಪಾಗುತ್ತದೆ, ತೂತು ಅಲ್ಲಿಂದಲೇ ಶುರು. ವೆಲ್ಡಿನ ಅಕ್ಕಪಕ್ಕದ ನೀಲಿ, ಕಂದು ಕಲೆ ನೋಡಲು ಚಂದ ಕಾಣಬಹುದು. ಆದರೆ ಅಲ್ಲಿ ಕಾಯುವ ಪದರ ಹಾಳಾಗಿದೆ ಎಂದೇ ಅರ್ಥ. ಕಲೆ ತೆಗೆಯುವ ಆಸಿಡ್ ಲೇಪವಾದ ಪಿಕ್ಲಿಂಗ್ ಪೇಸ್ಟ್ ಹಚ್ಚಿ ಅದನ್ನು ಪೂರ್ತಿ ತೆಗೆಸಬೇಕು. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಚರ್ಮ ದಾಟಿ ಎಲುಬಿಗೇ ಇಳಿಯಬಲ್ಲದು. ಹಾಗಾಗಿ ಅದು ತರಬೇತಾದವರ ಕೆಲಸ, ಮನೆಯಂಗಳದ್ದಲ್ಲ.

ಸಾಕೆಟ್ ಜಾಯಿಂಟಿಗೆ ಪೈಪನ್ನು ನೇರವಾಗಿ ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿ. ಸಾದಾ ಕಬ್ಬಿಣ ಕೊಯ್ದ ಗ್ರೈಂಡರ್ ಡಿಸ್ಕ್, ಕಬ್ಬಿಣದ ಬ್ರಷ್ ಇದಕ್ಕೆ ಮುಟ್ಟಿಸಬೇಡಿ. ಕಬ್ಬಿಣದ ಪುಡಿ ಅಂಟಿದಲ್ಲೆಲ್ಲ ತುಕ್ಕು ಏಳುತ್ತದೆ. ಅಡುಗೆಮನೆಯ ನೀರಿನಲ್ಲಿ ಎಣ್ಣೆ ಇರುವುದರಿಂದ ನೈಟ್ರೈಲ್ ರಬ್ಬರ್ ರಿಂಗ್ ಬೇಕು. ಇಪಿಡಿಎಂ ಎಂಬ ಇನ್ನೊಂದು ಬಗೆಯ ರಬ್ಬರಿನ ರಿಂಗ್ ಎಣ್ಣೆಗೆ ಉಬ್ಬುತ್ತದೆ. ಸಾಕೆಟ್ ಬಾಯಿ ನೀರು ಬರುವ ಕಡೆಗೆ ಮುಖ ಮಾಡಿರಲಿ. ಪೈಪನ್ನು ಪೂರ್ತಿ ಒಳಗೆ ತಳ್ಳಿ, ಮತ್ತೆ 10 ಮಿ.ಮೀ. ಹಿಂದಕ್ಕೆಳೆಯಿರಿ. ಬಿಸಿ 60 ಡಿಗ್ರಿಯಷ್ಟು ಏರಿದರೆ 6 ಮೀಟರ್ ಪೈಪ್ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಆ ಜಾಗ ಇಲ್ಲದಿದ್ದರೆ ಪೈಪ್ ತನ್ನನ್ನೇ ಒತ್ತಿಕೊಳ್ಳುತ್ತದೆ.

ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಸೇರಿಸುವಾಗ ಎರಡು ಲೋಹ ಒಂದಕ್ಕೊಂದು ತಾಗಬಾರದು. ತೇವದ ಮಣ್ಣಿನಲ್ಲಿ ತಾಗಿಕೊಂಡಿದ್ದರೆ ಜಿಐ ಬೇಗ ಸವೆಯುತ್ತದೆ. ನಡುವೆ ರಬ್ಬರ್ ಕಪ್ಲಿಂಗ್ ಹಾಕಿ. ಅದರ ಪಟ್ಟಿ, ಬೋಲ್ಟ್‌ಗಳೂ 316 ಆಗಿರಲಿ.

ಮುಚ್ಚುವ ಮೊದಲು ಕೆಳತುದಿಗೆ ಬಿರಡೆ ಹಾಕಿ, ನೀರು ತುಂಬಿಸಿ ಸೋರಿಕೆ ನೋಡಿ. ನೋಡಿ ಆದ ಕೂಡಲೇ ನೀರು ಖಾಲಿ ಮಾಡಿ, ಪೈಪನ್ನು ಒಣಗಿಸಿ. ಬಾವಿ ನೀರನ್ನು ವಾರಗಟ್ಟಲೆ ಒಳಗೇ ಬಿಟ್ಟರೆ ಬ್ಯಾಕ್ಟೀರಿಯಾ ವೆಲ್ಡಿನ ಬದಿಯಲ್ಲಿ ಗೂಡು ಕಟ್ಟಿ ಲೋಹ ಕೊರೆಯುತ್ತದೆ. ಒಂದು ತೊಟ್ಟು ಕೊಳಕು ಹರಿಯುವ ಮೊದಲೇ ಹೊಸ ಪೈಪ್ ತೂತಾಗಬಹುದು.

ಆಮೇಲೆ ಹೊರಮೈಗೆ ಟೇಪ್. ಕ್ಲೋರೈಡ್ (ಉಪ್ಪಿನಲ್ಲಿರುವ ಅಂಶ) ಇಲ್ಲದ ಬ್ಯುಟೈಲ್ ರಬ್ಬರ್ ಅಂಟಿನ ಪಾಲಿಥೀನ್ ಟೇಪನ್ನು, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ, ಎಳೆದು ಬಿಗಿಯಾಗಿ ಸುತ್ತಿ. ಮೈ ಒಣಗಿರಬೇಕು. ಸಡಿಲವಾದ ಟೇಪಿಗಿಂತ ಟೇಪ್ ಇಲ್ಲದ ಪೈಪೇ ಮೇಲು. ಯಾಕೆಂದರೆ ಒಳಗೆ ಸಿಕ್ಕಿದ ನೀರು ಆರುವುದೇ ಇಲ್ಲ. ಜಾಯಿಂಟಿನ ಮೇಲೆ ಎರಡು ಪದರ ಇರಲಿ. ಬಳಿಕ ಮರಳು, ಅದರ ಮೇಲೆ ಕಲ್ಲು ಹೆಕ್ಕಿದ ಮಣ್ಣು. ಅಂಗಳದಲ್ಲಿ 60 ಸೆಂ.ಮೀ., ವಾಹನ ಓಡುವಲ್ಲಿ 90 ಸೆಂ.ಮೀ. ಆಳ ಸಿಗಲಿ.

ಅಡುಗೆಯವರಿಗೂ ಶುಚಿ ಮಾಡುವವರಿಗೂ ಒಂದು ಮಾತು ಹೇಳಿಡಿ. ಚರಂಡಿ ಕಟ್ಟಿಕೊಂಡರೆ ಕಕ್ಕಸು ತೊಳೆಯುವ ಆಸಿಡ್ ಸುರಿಯಬಾರದು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, 316ನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ದಪ್ಪ ನೀರೂ ಬೇಡ. ಸೋಪಿನ ಬಿಸಿನೀರು, ಉದ್ದದ ಪ್ಲಾಸ್ಟಿಕ್ ಬ್ರಷ್ ಇದ್ದರೆ ಸಾಕು.