ಹಳ್ಳಿಯ ಸಹವಸತಿಯಲ್ಲಿ ಎರಡನೇ ಹಂತದ ಮನೆ: ನಾವು ಏನೇನು ನೋಡಿ ಕೊಂಡೆವು

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಅಂಚಿಗೆ 5 ಎಕರೆಯಲ್ಲಿ 14 ಮನೆಗಳ ಸಹವಸತಿ ಇದೆ. ಗೋಡೆಗೆ ಗೋಡೆ ತಾಗಿದ ಚಿಕ್ಕ ಮನೆಗಳು. ದೊಡ್ಡ ಅಡುಗೆಮನೆ, ಊಟದ ಹಜಾರ, ವಾಷಿಂಗ್ ಮಷೀನು, ಅತಿಥಿ ಕೋಣೆ, ಹಾರೆ-ಗುದ್ದಲಿಯ ಕೊಠಡಿ ಎಲ್ಲರಿಗೂ ಸೇರಿದ್ದು. 1972ರಲ್ಲಿ ಡೆನ್ಮಾರ್ಕಿನ ಸೆಟ್ಟೆಡಾಮೆನ್‌ನಲ್ಲಿ ಶುರುವಾದ ಪದ್ಧತಿ ಇದು. ಈಗ ಪಕ್ಕದ 3 ಎಕರೆ ಸೇರಿಸಿ ಇನ್ನೂ 10 ಮನೆ ಕಟ್ಟುತ್ತಿದ್ದಾರೆ. ನಾವು ಕೊಂಡದ್ದು ಆ ಹತ್ತರಲ್ಲಿ ಒಂದು.

ಹೀಗೆ ಬೆಳೆಯುತ್ತಿರುವ ಜಾಗದಲ್ಲಿ ಕೊಳ್ಳುವಾಗ ಮನೆಯ ಟೈಲ್ಸು, ಕಿಟಕಿ, ಬಣ್ಣ ನೋಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ಅವನ್ನೆಲ್ಲ ಆಮೇಲೆ ಸರಿಮಾಡಿಕೊಳ್ಳಬಹುದು. ಆಮೇಲೆ ಸರಿಮಾಡಲಾಗದ್ದು ಮೂರೇ: ನೆಲದಲ್ಲಿ ನಮ್ಮ ಪಾಲು, ನೀರು, ಕೊಳಚೆ ನೀರಿನ ವ್ಯವಸ್ಥೆ. ಮೂರೂ ಮೊದಲ ಹಂತದವರ ಲೆಕ್ಕಕ್ಕೆ ಮಾಡಿದವು. ಹೊಸಬರು ಬಂದಾಗ ಆ ಲೆಕ್ಕ ಏನಾಗುತ್ತದೆ ಎಂಬುದನ್ನೇ ನಾವು ಕೊನೆತನಕ ಕೇಳುತ್ತ ಹೋದೆವು.

ಪಾಲಿನ ಲೆಕ್ಕ ಗುಂಟೆಯಲ್ಲಿ ಹಾಕಿದರೆ ಬೇಗ ಬಗೆಹರಿಯುತ್ತದೆ. 5 ಎಕರೆ ಎಂದರೆ 200 ಗುಂಟೆ. 14 ಮನೆಗೆ ಸಮನಾಗಿ ಹಂಚಿದರೆ ತಲಾ 14.3 ಗುಂಟೆ. 3 ಎಕರೆ ಸೇರಿ 320 ಗುಂಟೆಯಾಗಿ 24 ಮನೆಗೆ ಹಂಚಿದರೆ 13.3. ಹಳಬರಿಗೆ ಒಂದು ಗುಂಟೆ ಕಡಿಮೆಯಾಗುತ್ತದೆ, ಬದಲಿಗೆ ಅಡುಗೆಮನೆಯ ಖರ್ಚು ಹಂಚಿಕೊಳ್ಳಲು ಹತ್ತು ಮನೆ ಹೆಚ್ಚು ಸಿಗುತ್ತವೆ. ಇದು ನ್ಯಾಯವಾದ ವಿಸ್ತರಣೆ. ಜಮೀನು ಸೇರಿಸದೆ ಇರುವ ಜಾಗದಲ್ಲೇ 10 ಮನೆ ತುರುಕಿದ್ದರೆ ಪಾಲು 8.3 ಗುಂಟೆಗೆ ಇಳಿಯುತ್ತಿತ್ತು. ಅಂಥ ಕಡೆ ಹಳಬರಿಗೂ ಹೊಸಬರಿಗೂ ಜಗಳ ಹುಟ್ಟದೆ ಇರದು, ನಾವಾದರೆ ಕೈಹಾಕುವುದಿಲ್ಲ.

ಈ ಪಾಲು ಕಾಗದದಲ್ಲಿ ಹೇಗೆ ಬರುತ್ತದೆ ಎನ್ನುವುದು ಇನ್ನೂ ಮುಖ್ಯ. ಇಲ್ಲಿ ಮೊದಲ ಹಂತವನ್ನು, ಸೈಟುಗಳಾಗಿ ಒಡೆಯದೆ, ಏಕ ನಿವೇಶನ ನಕ್ಷೆಯಾಗಿ ಮಂಜೂರು ಮಾಡಿಸಿ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಡಿಕ್ಲರೇಶನ್ (ಒಡೆತನದ ಘೋಷಣಾ ಪತ್ರ) ನೋಂದಾಯಿಸಿದ್ದರು. ಪ್ರತಿ ಮನೆಗೂ ನೆಲದಲ್ಲಿ ಇಂತಿಷ್ಟು ಶೇಕಡಾ ಅವಿಭಜಿತ ಪಾಲು ಎಂದು ಅದರಲ್ಲೇ ಬರೆದಿರುತ್ತದೆ. ಆ ಶೇಕಡಾವನ್ನು ಬದಲಿಸಲು ಬಹುಮತ ಸಾಲದು, ಎಲ್ಲ ಮಾಲೀಕರೂ ಒಪ್ಪಿ ತಿದ್ದುಪಡಿ ಡಿಕ್ಲರೇಶನ್‌ಗೆ ಸಹಿ ಹಾಕಬೇಕು. 14 ಮನೆಯಲ್ಲಿ ಒಬ್ಬರು ವಿದೇಶದಲ್ಲಿದ್ದರೆ ಅವರ ಅಧಿಕಾರಪತ್ರ ಬೇಕು. ಮನೆ ಸಾಲ ಇರುವವರ ಬ್ಯಾಂಕಿನಿಂದ ಒಪ್ಪಿಗೆ ಪತ್ರ ಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸವೆಂದರೆ ಇದೇ.

ಹಾಗಾಗಿ ಮಾರುವವರು ಸುಲಭದ ದಾರಿ ಹುಡುಕುತ್ತಾರೆ. ಎರಡನೇ ಹಂತದ 3 ಎಕರೆಗೆ ಬೇರೆ ಡಿಕ್ಲರೇಶನ್ ಮಾಡಿ, ಅಡುಗೆಮನೆ-ಬೋರ್‌ವೆಲ್ ಬಳಕೆಗೆ ಒಂದು ಒಪ್ಪಂದ ಬರೆದುಕೊಡುತ್ತೇವೆ ಎನ್ನುತ್ತಾರೆ. ನೆಲದ ಲೆಕ್ಕದಲ್ಲಿ ನಷ್ಟವಿಲ್ಲ, ಮನೆಗೆ 12 ಗುಂಟೆ ಬರುತ್ತದೆ. ಆದರೆ ಸಹವಸತಿಗೆ ಜೀವ ಕೊಡುವ ಅಡುಗೆಮನೆಯಲ್ಲಿ ನಮಗೆ ಒಡೆತನವಿಲ್ಲ, ಅನುಮತಿ ಮಾತ್ರ. ನೋಟರಿ ಮಾಡಿಸಿದ ಬಾಂಡ್ ಪೇಪರಿನ ಅನುಮತಿಗೆ ಮುಂದೆ ಮನೆ ಕೊಳ್ಳುವವರನ್ನು ಕಟ್ಟಿಹಾಕುವ ಬಲವಿಲ್ಲ. ಈ ದಾರಿ ಹಿಡಿಯಲೇಬೇಕಾದರೆ ದಾರಿ, ನೀರಿನ ಪೈಪು, ಅಡುಗೆಮನೆ ಬಳಕೆಯ ಹಕ್ಕನ್ನು ಸರ್ವೆ ನಂಬರು, ನಕ್ಷೆಯ ಸಮೇತ ನೋಂದಾಯಿಸಬೇಕು. ನಾವು ತಿದ್ದುಪಡಿ ಡಿಕ್ಲರೇಶನ್ ಆಗುವವರೆಗೂ ಶೇ 10ರ ಮೇಲೆ ಒಂದು ರೂಪಾಯಿ ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆಸಿದೆವು. ಕರಾರು ನೋಂದಣಿಗೆ ಮುಂಚೆ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ರೇರಾ (ಮನೆ-ನಿವೇಶನ ಯೋಜನೆಗಳ ನಿಯಂತ್ರಣ) ಕಾಯ್ದೆಯ 13ನೇ ಸೆಕ್ಷನ್ ಹೇಳುವುದರಿಂದ ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಸೈಟುಗಳ ಲೇಔಟ್ ಮಾದರಿಯಲ್ಲಿ ಕಟ್ಟಿದ ಕಡೆ ಇನ್ನೊಂದು ತೊಡಕು. ಮಂಜೂರಾದ ಲೇಔಟಿನ ರಸ್ತೆ, ಪಾರ್ಕು ಪ್ರಾಧಿಕಾರಕ್ಕೋ ಪಂಚಾಯಿತಿಗೋ ಬಿಟ್ಟುಕೊಟ್ಟ ಆಸ್ತಿ. ಬ್ರೋಷರಿನಲ್ಲಿ ಆ ಪಾರ್ಕನ್ನೇ ‘ನಮ್ಮ ಸಾಮೂಹಿಕ ತೋಟ’ ಎಂದು ತೋರಿಸಿದ್ದರೆ ಅದು ನಿಮ್ಮದಲ್ಲ. ಸೊಪ್ಪು-ತರಕಾರಿಯ ತೋಟ ಬೇಕಿದ್ದರೆ ಬೇರೆ ಸರ್ವೆ ನಂಬರಿನಲ್ಲಿ ಕೃಷಿ ಜಮೀನಾಗಿಯೇ ಇಟ್ಟುಕೊಳ್ಳಬೇಕು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಹೋದ ಮೇಲೆ ಕೃಷಿಕರಲ್ಲದವರ ಹೆಸರಿಗೆ ಪಹಣಿ ಆಗಲು ಅಡ್ಡಿಯಿಲ್ಲ.

ಪಹಣಿಯಲ್ಲಿ ಎಲ್ಲರೂ 9ನೇ ಕಾಲಂನ ಹೆಸರು, 11ನೇ ಕಾಲಂನ ಸಾಲ ನೋಡುತ್ತಾರೆ. 3ನೇ ಕಾಲಂ ನೋಡುವವರು ಕಡಿಮೆ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಸಾಗುವಳಿಗೆ ಬಾರದ ಜಾಗವನ್ನು ಎ ಖರಾಬು, ಬಿ ಖರಾಬು ಎಂದು ಕಳೆದಿರುತ್ತಾರೆ. ಬಿ ಖರಾಬು ಹಳ್ಳ, ರಾಜಕಾಲುವೆ, ಬಂಡಿದಾರಿಯಂಥ ಸಾರ್ವಜನಿಕ ಜಾಗ. ಕ್ರಯಪತ್ರದಲ್ಲಿ ಸೇರಿಸಿ ಬರೆದರೂ ಕೊಂಡವರದಾಗುವುದಿಲ್ಲ. ಎರಡನೇ ಹಂತದ 3 ಎಕರೆ ಎಂದರೆ ಖರಾಬು ಕಳೆದ ಮೇಲಿನ 3 ಎಕರೆಯೇ ಎಂದು ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಜೊತೆ ತಾಳೆ ನೋಡಿ ಖಚಿತಪಡಿಸಿಕೊಂಡೆವು. ದೊಡ್ಡ ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಂಡಿದ್ದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ಸ್ಕೆಚ್ ಇರಲೇಬೇಕು. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದು 1978ರ ಪಿಟಿಸಿಎಲ್ ಕಾಯ್ದೆಯಡಿ ಊರ್ಜಿತವಲ್ಲ. 2023ರ ತಿದ್ದುಪಡಿಯಾದ ಮೇಲೆ ‘ಎಷ್ಟೋ ವರ್ಷವಾಯಿತು’ ಎನ್ನುವ ಸಮಾಧಾನವನ್ನೂ ನಂಬಿ ಕೂರುವಂತಿಲ್ಲ. ಮಂಜೂರಾತಿ ವಹಿ, ಹಳೆಯ ಮ್ಯುಟೇಶನ್‌ಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ ವಕೀಲರಿಗೆ ಕೊಡಬೇಕು. ಇಸಿಯಲ್ಲಿ (ಋಣಭಾರ ಪತ್ರದಲ್ಲಿ) ಇದು ಕಾಣುವುದಿಲ್ಲ. ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ಇಟ್ಟುಕೊಂಡು ಹೆಣ್ಣುಮಕ್ಕಳ ಸಹಿ ಇದೆಯೇ ನೋಡುವುದು ಸರಿ.

ಹಂತಹಂತವಾಗಿ ಕಟ್ಟುವ ಯೋಜನೆಯಲ್ಲಿ ರೇರಾ ಪ್ರತಿ ಹಂತವನ್ನೂ ಬೇರೆ ಯೋಜನೆಯೆಂದೇ ಎಣಿಸುತ್ತದೆ. 500 ಚದರ ಮೀಟರಿಗಿಂತ ದೊಡ್ಡ ಜಾಗ, 8ಕ್ಕಿಂತ ಹೆಚ್ಚು ಮನೆ, ಎರಡೂ ಇಲ್ಲಿ ದಾಟುತ್ತವೆ. ಮೊದಲ ಹಂತದ ನೋಂದಣಿ ಸಂಖ್ಯೆ ತೋರಿಸಿ ಎರಡನೇ ಹಂತ ಮಾರುವಂತಿಲ್ಲ.

ಇನ್ನು ನೀರು. ಬೆಂಗಳೂರು ಗ್ರಾಮಾಂತರದಲ್ಲಿ ಅಂತರ್ಜಲ ಮರುಪೂರಣಕ್ಕಿಂತ ಹೆಚ್ಚು ಖರ್ಚಾಗುತ್ತಿದೆ. ‘ಎರಡು ಇಂಚು ನೀರು ಇದೆ ಸಾರ್’ ಎನ್ನುವ ಮಾತು ಬೋರ್‌ವೆಲ್ ಇರುವ ಕಡೆಯೆಲ್ಲ ಕೇಳಿಬರುತ್ತದೆ. ಇಂಚು ಎಂದರೆ ಪೈಪಿನ ಅಳತೆಯಲ್ಲ, ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಕಚ್ಚು ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಲೆಕ್ಕ ನೇರವಾಗಿ ಏರುವುದಿಲ್ಲ. 90 ಡಿಗ್ರಿ ಕಚ್ಚಿನಲ್ಲಿ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸುಮಾರು 2,900. ಮೂರಕ್ಕೆ 8,000ದ ಹತ್ತಿರ. ಎರಡು ಇಂಚು ಒಂದೂವರೆಗೆ ಇಳಿದರೆ ಅರ್ಧಕ್ಕಿಂತ ಹೆಚ್ಚು ನೀರು ಹೋಯಿತು ಎಂದೇ ಅರ್ಥ. ಹಾಗಾಗಿ ಇಂಚಿನ ಮಾತು ಬಿಟ್ಟು ಲೀಟರಿನಲ್ಲಿ ಅಳೆಯುವುದು ಮೇಲು.

ಅದಕ್ಕೆ 200 ಲೀಟರಿನ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು ಸಾಕು. ಏಪ್ರಿಲ್ ಕೊನೆಗೋ ಮೇ ಮೊದಲಿಗೋ, ಮುಂಗಾರುಪೂರ್ವ ಮಳೆ ಜೋರಾಗುವ ಮುಂಚೆ, ಪಂಪನ್ನು ಆರು ಗಂಟೆ ಬಿಡದೆ ಓಡಿಸಿ ಗಂಟೆಗೊಮ್ಮೆ ಡ್ರಮ್ ತುಂಬುವ ಹೊತ್ತು ಬರೆದುಕೊಳ್ಳಬೇಕು. ಇಲ್ಲಿ ಮೊದಲ ಗಂಟೆಯಲ್ಲಿ 3 ನಿಮಿಷ 50 ಸೆಕೆಂಡಿಗೆ ತುಂಬಿದ ಡ್ರಮ್ಮು ಆರನೇ ಗಂಟೆಯಲ್ಲಿ 5 ನಿಮಿಷ 10 ಸೆಕೆಂಡು ತೆಗೆದುಕೊಂಡಿತು. ಮೊದಲನೆಯದು ಗಂಟೆಗೆ 3,130 ಲೀಟರ್, ಕೊನೆಯದು 2,320. ನಂಬಬೇಕಾದ್ದು ಕೊನೆಯದನ್ನು. ಮೊದಲು ಬರುವುದು ಕೊಳವೆಯಲ್ಲಿ ನಿಂತಿದ್ದ ನೀರು, ಆಮೇಲಿನದು ಬಂಡೆಯ ಬಿರುಕಿನಿಂದ ಬರುವ ನೀರು. ಪಂಪು ಓಡುವಾಗಲೇ ಇನ್ನೊಂದು ಬೋರ್‌ವೆಲ್ಲಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ನೋಡಬೇಕು. ಮಟ್ಟ ಇಳಿಯುತ್ತಿದ್ದರೆ ಎರಡೂ ಒಂದೇ ಬಿರುಕಿನಿಂದ ಕುಡಿಯುತ್ತಿವೆ. ‘ಎರಡನೇ ಹಂತಕ್ಕೆ ಹೊಸ ಬೋರ್‌ವೆಲ್ ಕೊರೆದಿದ್ದೇವೆ’ ಎಂಬುದರಿಂದ ಹೆಚ್ಚು ನೀರೇನೂ ಬಂದಂತಾಗುವುದಿಲ್ಲ.

ಬೇಡಿಕೆ ಹೀಗೆ: 24 ಮನೆ, ಮನೆಗೆ ಸರಾಸರಿ ಮೂರೂವರೆ ಮಂದಿ, ಒಟ್ಟು 84. ತಲೆಗೆ ದಿನಕ್ಕೆ 135 ಲೀಟರಿನಂತೆ 11,340. ಸಾಮೂಹಿಕ ಅಡುಗೆ, ಗಿಡಗಳಿಗೆ 3,000 ಸೇರಿಸಿದರೆ 14,300 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಆ ಬೋರ್‌ವೆಲ್ ಆರು ಗಂಟೆಗೆ ಕೊಡುವುದು 14,000ದ ಒಳಗೆ. ತೀರಾ ಅಂಚಿನ ಲೆಕ್ಕ. ಹಾಗಾಗಿ ಹೊಸ ಮನೆಗಳ ಚಾವಣಿ ನೀರನ್ನು ಒಂದು ಲಕ್ಷ ಲೀಟರಿನ ತೊಟ್ಟಿಗೆ ಸೇರಿಸುವುದು ಮಂಜೂರಾದ ನಕ್ಷೆಯಲ್ಲೇ ಬರಬೇಕೆಂದು ಹತ್ತು ಮನೆಯವರೂ ಪಟ್ಟು ಹಿಡಿದೆವು. ವರ್ಷಕ್ಕೆ 800 ಮಿ.ಮೀ ಮಳೆ ಎಂದು ಹಿಡಿದರೆ 1,000 ಚದರಡಿ ಚಾವಣಿಯಿಂದ, ಸೋರಿಕೆ-ಆವಿ ಕಳೆದು, 59,000 ಲೀಟರ್ ಸಿಗುತ್ತದೆ. ನೀರಿನ ಪರೀಕ್ಷೆಯಲ್ಲಿ ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಪ್ರಮಾಣ) ಒಂದನ್ನೇ ನೋಡಿ ಸುಮ್ಮನಾಗಬಾರದು. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು, ನೈಟ್ರೇಟ್ 45 ದಾಟಬಾರದು. ನೈಟ್ರೇಟ್ ಏರಿದ್ದರೆ ಕೊಳಚೆಯೋ ಗೊಬ್ಬರವೋ ಬೋರ್‌ವೆಲ್ಲಿಗೆ ಇಳಿಯುತ್ತಿರಬಹುದು. ಕರೆಂಟ್ ಸಂಪರ್ಕದ ಆರ್‌ಆರ್ ನಂಬರೂ ನೋಡಿ: ಜಮೀನಿನ ಹಳೆಯ ಐಪಿ ಸೆಟ್ (ನೀರಾವರಿ ಪಂಪು) ಸಂಪರ್ಕದಲ್ಲೇ ಮನೆಗಳಿಗೆ ನೀರೆತ್ತುತ್ತಿದ್ದರೆ ಅದು ದುರ್ಬಳಕೆ, ಯಾವತ್ತಾದರೂ ಕಡಿತವಾಗುವಂಥದು.

ಕೊಳಚೆ ನೀರಿಗೆ ಇಲ್ಲಿ ಡಿವಾಟ್ಸ್ ಇದೆ: ಮೊದಲು ಗಸಿ ಇಳಿಯುವ ತೊಟ್ಟಿ, ಆಮೇಲೆ ಅಡ್ಡಗೋಡೆಗಳ ನಡುವೆ ನೀರು ಕೆಳಗಿಳಿದು ಮೇಲೇಳುವ ಕೋಣೆಗಳು, ಕೊನೆಗೆ ಕ್ಯಾನಾ ಗಿಡ ನೆಟ್ಟ ಜಲ್ಲಿಯ ಹಾಸು. ಕರೆಂಟು ಬೇಡ, ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಕಟ್ಟಿದ್ದು ದಿನಕ್ಕೆ 6,000 ಲೀಟರಿಗೆ. ಬಳಸಿದ ನೀರಿನ ಶೇ 80 ಕೊಳಚೆಯಾಗುತ್ತದೆ ಎಂದರೆ ತಲೆಗೆ 108 ಲೀಟರ್. ಮೊದಲ ಹಂತದ 49 ಮಂದಿಗೆ 5,300 ಆಗುತ್ತದೆ, 84 ಮಂದಿಗೆ 9,000 ದಾಟುತ್ತದೆ. ಹೆಚ್ಚು ನೀರು ಬಂದಾಗ ಕೋಣೆಗಳಲ್ಲಿ ಮೇಲೇಳುವ ವೇಗ ಜಾಸ್ತಿಯಾಗಿ, ತಳದಲ್ಲಿರಬೇಕಾದ ಕಪ್ಪು ಗಸಿ ಮುಂದಕ್ಕೆ ಕೊಚ್ಚಿಕೊಂಡು ಹೋಗಿ ಜಲ್ಲಿಯನ್ನು ಮುಚ್ಚುತ್ತದೆ. ನೋಡಲು ಹೋದಾಗ ನೀರು ಒಳಬರುವ ಬದಿಯಲ್ಲಿ ಒಂದು ಗೇಣು ಜಲ್ಲಿ ಬಗೆದು ನೋಡಿ. ಕಲ್ಲಿಗೆ ಕಪ್ಪು ಲೋಳೆ ಮೆತ್ತಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಜಲ್ಲಿಯ ಮೇಲೆ ನೀರು ನಿಂತಿದ್ದರೆ, ಈಗಿನ ಹೊರೆಯನ್ನೇ ಅದು ತಾಳುತ್ತಿಲ್ಲ. ಶನಿವಾರ-ಭಾನುವಾರ ಅತಿಥಿಗಳು ಬಂದ ಮೇಲೆ, ಸೋಮವಾರ ಬೆಳಿಗ್ಗೆ ನೋಡಿದರೆ ನಿಜ ತಿಳಿಯುತ್ತದೆ. ಅಡುಗೆಮನೆಯ ಪೈಪಿಗೆ ಜಿಡ್ಡು ಹಿಡಿಯುವ ತೊಟ್ಟಿ ಇಲ್ಲದಿದ್ದರೆ ಒಗ್ಗರಣೆ ಎಣ್ಣೆಯೂ ಇದೇ ಜಲ್ಲಿಗೆ ಬಂದು ಸೇರುತ್ತದೆ. ನಮ್ಮಲ್ಲಿ ಎರಡನೇ ಹಂತಕ್ಕೆ 4,000 ಲೀಟರಿನ ಬೇರೆ ಘಟಕ ಬಂತು, ಹಳೆಯದಕ್ಕೆ ಜೋಡಿಸಲಿಲ್ಲ.

ಮನೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಮಣ್ಣಿನ ಇಟ್ಟಿಗೆಯಾದರೆ ಒಂದನ್ನು 24 ಗಂಟೆ ನೀರಲ್ಲಿ ನೆನೆಸಿಟ್ಟು ಮೂಲೆ ಉದುರುತ್ತದೆಯೇ ನೋಡಿ. ಗೋಡೆಯಿಂದ ಎರಡು ಅಡಿಯಾದರೂ ಚಾವಣಿ ಮುಂಚಾಚಿರಲಿ. ಚಾವಣಿಗೆ ನೀರು ಕಟ್ಟಿ 48 ಗಂಟೆ ಬಿಡಿ. ಕಟ್ಟಡದ ರಚನೆಯ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ರೇರಾದಡಿ ಅವರದೇ ಹೊಣೆ.

ಹಣದ ಲೆಕ್ಕದಲ್ಲಿ ಜನ ಎಡವುವುದು ಬೆಲೆಯ ಹೊರಗಿನ ಬಾಬ್ತುಗಳಲ್ಲಿ. ಮನೆ 60 ಲಕ್ಷ ಎಂದಿಟ್ಟುಕೊಳ್ಳಿ. ಗ್ರಾಮೀಣ ಭಾಗದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.65; ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 4,59,000. ಕಟ್ಟುತ್ತಿರುವಾಗಲೇ ಕೊಂಡರೆ ಶೇ 5 ಜಿಎಸ್‌ಟಿ, 3 ಲಕ್ಷ. ಈ ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80, ಅಂದರೆ 48 ಲಕ್ಷ ಕೊಡುತ್ತದೆ. ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ಕೈಯಿಂದ 19 ಲಕ್ಷದ ಮೇಲೆ ಹಾಕಬೇಕು, ಸಂಘದ ಕಾರ್ಪಸ್ ನಿಧಿ (ಮೂಲನಿಧಿ) ಬೇರೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಆದಾಯ ತೆರಿಗೆಯ ಟಿಡಿಎಸ್ ಮುರಿದು ಕಟ್ಟುವ ಹೊಣೆ ಕೊಳ್ಳುವವರದು. ಪಂಚಾಯಿತಿ ಖಾತೆ ನಮೂನೆ 9 ಮತ್ತು 11ಎ ಇರಲಿ. ಸಕ್ರಮವಲ್ಲದ ಆಸ್ತಿಗೆ ಕೊಡುವ 11ಬಿ ನೋಡಿದರೆ ಬಹಳಷ್ಟು ಬ್ಯಾಂಕುಗಳು ಫೈಲು ವಾಪಸು ಕೊಡುತ್ತವೆ. ಜಮೀನು ಕಂಪನಿಯದೋ ಟ್ರಸ್ಟಿನದೋ ಆಗಿದ್ದು ನಿಮಗೆ ಷೇರು ಮಾತ್ರ ಕೊಡುವ ಮಾದರಿಯಲ್ಲಿ ಗೃಹಸಾಲದ ಆಸೆಯನ್ನೇ ಬಿಡಬೇಕು.

ಹೊಸಬರಿಂದ ‘ಪ್ರವೇಶ ಶುಲ್ಕ’ ಕೇಳುವುದು ತಪ್ಪಲ್ಲ, ಅಡುಗೆಮನೆ ಕಟ್ಟಿದ್ದು ಹಳಬರ ದುಡ್ಡಿನಲ್ಲಿ. ಆದರೆ ಅದು ಕಟ್ಟಡದ ಇಂದಿನ ಬೆಲೆಯ ಮೇಲೆ ಬರಬೇಕು, ಸಂಘದ ಖಾತೆಗೆ ಹೋಗಬೇಕು, ರಸೀದಿ ಇರಬೇಕು.

ಉಪವಿಧಿಯಲ್ಲಿ ಊಟದ ಸರದಿ, ನಾಯಿ, ಅತಿಥಿಗಳ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಾವು ಹೆಚ್ಚು ಹೊತ್ತು ಕೂತದ್ದು ಮಾರಾಟದ ಕಲಮಿನ ಮೇಲೆ. ‘ಹೊರಗಿನವರಿಗೆ ಮಾರುವಂತಿಲ್ಲ’ ಎಂಬ ಪೂರ್ತಿ ನಿರ್ಬಂಧ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ, ಅಂಥದನ್ನು ಬರೆಯುವುದೇ ವ್ಯರ್ಥ. ಬದಲಿಗೆ: ಮಾರಬೇಕೆನ್ನುವವರು ಬಂದ ಬೆಲೆಯನ್ನು ಸಂಘಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು, 60 ದಿನದೊಳಗೆ ಸಂಘವೋ ಅದು ಸೂಚಿಸಿದವರೋ ಅದೇ ಬೆಲೆಗೆ ಕೊಳ್ಳಬಹುದು, ಇಲ್ಲವಾದರೆ ಯಾರಿಗಾದರೂ ಮಾರಬಹುದು, ಕೊಂಡವರು ಉಪವಿಧಿಗೆ ಸಹಿ ಹಾಕಬೇಕು. ಮಾಲೀಕರು ತೀರಿಕೊಂಡು ಮಕ್ಕಳಿಗೆ ಬಂದಾಗ ಈ 60 ದಿನ ಅನ್ವಯಿಸುವುದಿಲ್ಲ ಎಂದೂ ಸೇರಿಸಿದೆವು. ಮೂರನೇ ಹಂತ ಬಂದರೆ ಹೊಸ ಜಮೀನು, ಹೊಸ ಬೋರ್‌ವೆಲ್ ಪರೀಕ್ಷೆಯ ವರದಿ, ಹೊಸ ಕೊಳಚೆ ಘಟಕ ಮೂರೂ ಇಲ್ಲದೆ ತಿದ್ದುಪಡಿ ಡಿಕ್ಲರೇಶನ್‌ಗೆ ಯಾರೂ ಸಹಿ ಹಾಕಬೇಕಾಗಿಲ್ಲ ಎಂಬ ಕಲಮನ್ನು ಅದೇ ಸಭೆಯಲ್ಲಿ ಸೇರಿಸಲಾಯಿತು. ಹಳಬರೇ ಮೊದಲು ಕೈ ಎತ್ತಿದರು.