ಮಿಡಿ ಉಪ್ಪಿನಕಾಯಿಗೊಂದು ವೆಬ್‌ಸೈಟ್: ಕಾಲೇಜು ಪ್ರಾಜೆಕ್ಟ್ ಮಾಡುವುದು ಹೀಗೆ

ಕೊನೇ ವರ್ಷ ಬಂತೆಂದರೆ ಪ್ರಾಜೆಕ್ಟಿನ ತಲೆಬಿಸಿ ಶುರು. ಬಿಸಿಎ ಇರಲಿ, ಬಿಇ ಇರಲಿ, ನಾಲ್ಕಾರು ತಂಡಗಳಾದರೂ ‘ಆನ್‌ಲೈನ್ ಶಾಪಿಂಗ್’ ಎಂದೇ ಬರೆದುಕೊಡುತ್ತವೆ. ಮೊಬೈಲ್, ಶೂ, ಟೀ ಶರ್ಟ್ ತುಂಬಿಸಿದ ಅಮೆಜಾನ್ ನಕಲು. ನೋಡೋಕೆ ಚೆಂದ. ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಕೊನೇ ಒಂದು ಪೀಸನ್ನು ಇಬ್ಬರು ಒಟ್ಟಿಗೆ ಆರ್ಡರ್ ಮಾಡಿದರೆ ಏನಾಗುತ್ತೆ?’ ಎಂದು ಕೇಳಿದರೆ ಇಡೀ ತಂಡವೇ ಗಪ್‌ಚುಪ್. ಅದಕ್ಕೇ ಹೇಳುವುದು, ಸಣ್ಣ ಅಂಗಡಿ ಹಿಡಿಯಿರಿ. ಒಂದು ಆರ್ಡರು ಹುಟ್ಟಿ ಗಿರಾಕಿಯ ಮನೆ ಮುಟ್ಟುವ ತನಕದ ದಾರಿ ಸರಿ ಇದ್ದರೆ ಪ್ರಾಜೆಕ್ಟ್ ಗೆದ್ದ ಹಾಗೆ, ಹೋಮ್ ಪೇಜ್ ಸ್ವಲ್ಪ ಸಪ್ಪೆ ಇದ್ದರೂ ನಡೆಯುತ್ತೆ.

ನಮ್ಮ ಕಡೆ ಸಾಮಾನಿಗೇನು ಬರವೇ? ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಜೇನುತುಪ್ಪ, ಹಲಸಿನ ಹಪ್ಪಳ, ಹಾಳೆ ತಟ್ಟೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆಯಲ್ಲೇ ಮಾಡಿ ಮಾರುವವರು ಸಿಗುತ್ತಾರೆ. ಒಬ್ಬರ ಹತ್ತಿರ ಅರ್ಧ ದಿನ ಕೂತು ಬನ್ನಿ. ಫೋನಲ್ಲಿ ಆರ್ಡರ್ ಬಂದರೆ ಎಲ್ಲಿ ಬರೆದುಕೊಳ್ಳುತ್ತಾರೆ, ದುಡ್ಡು ಮೊದಲೋ ಆಮೇಲೋ, ದಾರಿಯಲ್ಲಿ ಬಾಟಲಿ ಸೋರಿದರೆ ನಷ್ಟ ಯಾರದ್ದು, ಎಲ್ಲ ಕೇಳಿ. ಕಂಪ್ಯೂಟರ್ ಮುಟ್ಟುವುದು ಆಮೇಲೆ.

ಉಪ್ಪಿನಕಾಯಿಯನ್ನೇ ತಗೊಳ್ಳಿ. ಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ಆಗ ಉಪ್ಪಿಗೆ ಹಾಕಿಟ್ಟಿದ್ದೇ ಮುಂದಿನ ಸೀಸನ್ ತನಕ ಬರಬೇಕು. ಅಂದರೆ ಸ್ಟಾಕ್ ಮುಗಿದರೆ ಮುಗಿಯಿತು, ನಾಳೆ ಮತ್ತೆ ತರಿಸುತ್ತೇವೆ ಅನ್ನೋ ಹಾಗಿಲ್ಲ. ಅದೇ ಉಪ್ಪಿನಕಾಯಿ ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿಯಲ್ಲಿ ಹೋಗುತ್ತೆ. ಆರ್ಡರ್ ಬಂದಮೇಲೆ ಭರಣಿಯಿಂದ ತುಂಬಿಸುವವರಾದರೆ ಬಾಟಲಿ ಲೆಕ್ಕ ಬೇಡ, ಸ್ಟಾಕನ್ನು ಗ್ರಾಂನಲ್ಲಿ ಇಡಿ. ಅರ್ಧ ಕೆಜಿ ಹೋದರೆ 500 ಕಳೆಯಿರಿ. ಮೊದಲೇ ತುಂಬಿಸಿಡುವವರಾದರೆ ಒಂದೊಂದು ಅಳತೆಗೂ ಬೇರೆ ಸ್ಟಾಕ್. ಈ ಒಂದು ನಿರ್ಧಾರದ ಮೇಲೆ ನಿಮ್ಮ ಡೇಟಾಬೇಸಿನ (ಮಾಹಿತಿ ಇಡುವ ಕಡತದ) ಟೇಬಲ್‌ಗಳು ನಿಲ್ಲುತ್ತವೆ.

ಟೇಬಲ್ ಎಷ್ಟು ಬೇಕು? ಗಿರಾಕಿ, ಸಾಮಾನು, ಅಳತೆ ಮತ್ತು ದರ, ಆರ್ಡರ್, ಆರ್ಡರಿನೊಳಗಿನ ಐಟಂಗಳು. ಶುರುವಿಗೆ ಈ ಐದು ಸಾಕು. ಐಟಂ ಟೇಬಲ್‌ನಲ್ಲಿ ಆವತ್ತಿನ ದರವನ್ನೂ ಬರೆದಿಡಿ, ಇಲ್ಲದಿದ್ದರೆ ಮುಂದಿನ ತಿಂಗಳು ರೇಟ್ ಏರಿಸಿದ ಕೂಡಲೇ ಹಳೇ ಬಿಲ್ಲುಗಳೆಲ್ಲ ತಾವಾಗಿಯೇ ಏರಿ ಕೂರುತ್ತವೆ. ದುಡ್ಡನ್ನು ದಶಮಾಂಶವಿರುವ ಸಂಖ್ಯೆಯಾಗಿ (ಫ್ಲೋಟ್) ಇಡಬೇಡಿ, ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆ ಇಡಿ. ಪಾಸ್‌ವರ್ಡ್ ಹಾಗೇ ಇಡೋದಂತೂ ಬೇಡವೇ ಬೇಡ, ಹ್ಯಾಶ್ ಮಾಡಿ (ವಾಪಸ್ ತಿರುಗಿಸಲಾಗದ ಗುಪ್ತ ಅಕ್ಷರಗಳಾಗಿ ಬದಲಿಸಿ). ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಆಗಲಿ, ಜಾಂಗೋ ಆಗಲಿ, ಸೈಟ್ ಕಟ್ಟುವ ಸಾಧನಗಳಲ್ಲಿ ತಂಡಕ್ಕೆ ಯಾವುದು ಬರುತ್ತೋ ಅದು. ಅದರ ಮೇಲೆ ಜಾಸ್ತಿ ಚರ್ಚೆ ಬೇಡ.

ವಿಳಾಸದ ಫಾರ್ಮ್ ವಿಷಯದಲ್ಲಿ ಸ್ವಲ್ಪ ನಿಲ್ಲಿ. ರೆಡಿಮೇಡ್ ಫಾರ್ಮ್‌ಗಳು ಮನೆ ನಂಬರ್, ಕ್ರಾಸ್, ಮೇನ್ ಕೇಳುತ್ತವೆ. ತೋಟದ ನಡುವಿನ ಒಂಟಿ ಮನೆಗೆ ಯಾವ ಕ್ರಾಸು? ಇಲ್ಲಿ ಬೇಕಾದ್ದು ಊರು, ಅಂಚೆ, ತಾಲ್ಲೂಕು, ಪಿನ್ ಕೋಡ್, ಜೊತೆಗೆ ದಾರಿ ಹೇಳಲು ಒಂದು ಖಾಲಿ ಜಾಗ. ಪಿನ್ ಕೋಡ್ ಆರು ಅಂಕಿ ಇದೆಯಾ (ಶಿವಮೊಗ್ಗ 577201, ಸಾಗರ 577401), ಮೊದಲ ಅಂಕಿ ಸೊನ್ನೆ ಆಗಿಲ್ಲ ತಾನೇ ಎಂದು ಬ್ರೌಸರ್‌ನಲ್ಲಿ ಮಾತ್ರವಲ್ಲ, ಸರ್ವರ್‌ನಲ್ಲೂ ಪರೀಕ್ಷಿಸಿ.

ಈಗ ಆ ಕೊನೇ ಪೀಸಿನ ಪ್ರಶ್ನೆ. ಸ್ಟಾಕ್ ಇದೆಯಾ ಎಂದು ಮೊದಲು ಓದಿ ಆಮೇಲೆ ಕಳೆದರೆ ಆ ನಡುವೆ ಇನ್ನೊಬ್ಬರು ನುಗ್ಗುತ್ತಾರೆ. ‘ಬೇಕಾದಷ್ಟು ಇದ್ದರೆ ಮಾತ್ರ ಕಳೆ’ ಎಂಬುದು ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ ಇರಬೇಕು. ಆರ್ಡರ್ ಬರೆಯುವುದು, ಐಟಂ ಬರೆಯುವುದು, ಸ್ಟಾಕ್ ಕಳೆಯುವುದು ಮೂರೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು. ಒಂದು ಕೆಟ್ಟರೆ ಎಲ್ಲವೂ ವಾಪಸ್.

ಇದರ ಜೊತೆಗೆ ನಮ್ಮ ಮಳೆಗಾಲ ಬೇರೆ. ಆಗುಂಬೆ ಕಡೆ ಜುಲೈನಲ್ಲಿ ಕರೆಂಟೂ ಟವರೂ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ‘ಆರ್ಡರ್ ಮಾಡಿ’ ಒತ್ತಿದವರಿಗೆ ಚಕ್ರ ಸುತ್ತುತ್ತಲೇ ಇದ್ದರೆ ಇನ್ನೊಮ್ಮೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ, ಕೊನೆಗೆ ಮನೆಗೆ ಮೂರು ಕೆಜಿ ಉಪ್ಪಿನಕಾಯಿ ಬರುತ್ತೆ. ಚೆಕ್‌ಔಟ್ ಪುಟ ತೆರೆದಾಗಲೇ ಒಂದು ಟೋಕನ್ (ಆ ಆರ್ಡರಿಗಷ್ಟೇ ಸೇರಿದ ಗುರುತು) ಹುಟ್ಟಿಸಿ, ಆರ್ಡರ್ ಟೇಬಲ್‌ನಲ್ಲಿ ಅದನ್ನು ಯೂನಿಕ್ ಮಾಡಿ, ಅಂದರೆ ಒಂದು ಟೋಕನ್ ಒಮ್ಮೆ ಮಾತ್ರ ಬರುವಂತಿರಲಿ. ಅದೇ ಟೋಕನ್ ಮತ್ತೆ ಬಂದರೆ ಹೊಸ ಆರ್ಡರ್ ಬೇಡ, ಹಳೆಯದನ್ನೇ ತೋರಿಸಿ. ಫೋಟೋಗಳನ್ನೂ ಕುಗ್ಗಿಸಿ ಹಾಕಿ. ನಿಧಾನ ನೆಟ್‌ವರ್ಕ್‌ನಲ್ಲಿ ಸೈಟ್ ಹೇಗಿರುತ್ತೆ ಎಂದು ನೋಡುವ ಸೌಲಭ್ಯ ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲೇ ಇದೆ.

ಪಾವತಿಗೆ ನಿಜವಾದ ದುಡ್ಡು ಬೇಡ. ರೇಜರ್‌ಪೇ ಥರದ ಸೇವೆಗಳಲ್ಲಿ ಟೆಸ್ಟ್ ಮೋಡ್ ಇರುತ್ತೆ. ಅಲ್ಲಿಗೆ ಮೊತ್ತ ಕಳಿಸುವುದೂ ಪೈಸೆಯಲ್ಲೇ, 250 ರೂಪಾಯಿ ಎಂದರೆ 25000. ಬ್ರೌಸರ್ ‘ದುಡ್ಡು ಬಂತು’ ಎಂದರೆ ನಂಬಬೇಡಿ. ಪಾವತಿ ಸೇವೆಯವರು ಕಳಿಸುವ ಡಿಜಿಟಲ್ ಸಹಿಯನ್ನು (ಮಾಹಿತಿ ಅವರದ್ದೇ ಎಂದು ತೋರಿಸುವ ಗುರುತು) ನಿಮ್ಮ ಸರ್ವರ್‌ನಲ್ಲಿ ತಾಳೆ ನೋಡಿದ ಮೇಲೆಯೇ ಆರ್ಡರ್ ಪಕ್ಕಾ. ಅವರು ಕೊಡುವ ಸೀಕ್ರೆಟ್ ಕೀಯನ್ನು (ಗುಟ್ಟಾಗಿಡಬೇಕಾದ ಸಂಕೇತ) ಕೋಡ್ ಹಂಚುವ ತಾಣ ಗಿಟ್‌ಹಬ್‌ಗೆ ಹಾಕಬೇಡಿ.

ಹೆಚ್ಚಿನ ತಂಡಗಳು ಮರೆಯುವುದು ಅಂಗಡಿಯವರ ಪುಟ. ಆರ್ಡರ್ ಪಟ್ಟಿ, ‘ಪ್ಯಾಕ್ ಆಯ್ತು’, ‘ಕೊರಿಯರ್‌ಗೆ ಕೊಟ್ಟಾಯ್ತು’, ‘ರದ್ದು’. ಕನ್ನಡದಲ್ಲಿ, ದೊಡ್ಡ ಬಟನ್‌ಗಳಲ್ಲಿ, ಮೊಬೈಲ್‌ನಲ್ಲಿ ಕೆಲಸ ಮಾಡಬೇಕು. ರದ್ದು ಒತ್ತಿದರೆ ಕಳೆದ ಗ್ರಾಂ ಸ್ಟಾಕಿಗೆ ವಾಪಸ್ ಬರುತ್ತಾ ನೋಡಿ.

ಡೆಮೋ ದಿನ ಕಾಲೇಜಿನ ವೈಫೈ ನೆಚ್ಚಿಕೊಳ್ಳಬೇಡಿ, ಎಲ್ಲವೂ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದರೊಳಗೇ, ನಡೆಯುವಂತಿರಲಿ. ಟೆಸ್ಟ್ ಪಾವತಿಗೆ ಮಾತ್ರ ಇಂಟರ್ನೆಟ್ ಬೇಕು, ಅದಕ್ಕೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ. ಸೈಟನ್ನು ಎಲ್ಲಾದರೂ ಹೋಸ್ಟ್ ಮಾಡಿದ್ದರೆ ಪ್ರತಿ ಪುಟದ ಮೇಲೂ ‘ಇದು ವಿದ್ಯಾರ್ಥಿ ಪ್ರಾಜೆಕ್ಟ್, ಇಲ್ಲಿ ಆರ್ಡರ್ ತಗೊಳ್ಳುವುದಿಲ್ಲ’ ಎಂದು ಎದ್ದು ಕಾಣುವಂತೆ ಬರೆದು ಹಾಕಿ.