ಅಂಗಡಿಯ ಮಾಲು ರೈಲು ಹತ್ತಬೇಕಾದರೆ

ಬೆಂಗಳೂರಿನಿಂದ ದೆಹಲಿಗೆ ಲಾರಿ ಬಾಡಿಗೆ ಎಷ್ಟು, ರೈಲಿನ ದರ ಎಷ್ಟು ಎಂದು ಅಕ್ಕಪಕ್ಕ ಬರೆದು ತೀರ್ಮಾನಿಸುವುದೇ ಮೊದಲ ತಪ್ಪು. ಲಾರಿ ಗೋದಾಮಿನಿಂದ ಗೋದಾಮಿಗೆ ಹೋಗುತ್ತದೆ, ರೈಲು ಯಾರ್ಡಿನಿಂದ (ಮಾಲು ಹತ್ತಿಸಿ ಇಳಿಸುವ ರೈಲ್ವೆ ಅಂಗಳದಿಂದ) ಯಾರ್ಡಿಗೆ. ಲಾಭ ನಷ್ಟ ನಿರ್ಧಾರವಾಗುವುದು ಈ ಎರಡು ತುದಿಗಳಲ್ಲಿ.

ಯಾವ ಮಾಲು? ಕಳೆದ ವರ್ಷದ ರವಾನೆ ಲೆಕ್ಕ ತೆಗೆದು, ಆ ಮಾರ್ಗದಲ್ಲಿ ಅತಿ ಕಡಿಮೆ ಮಾಲು ಹೋದ ವಾರವನ್ನು ಹುಡುಕಿ. ಅಷ್ಟು ಮಾಲು ಪ್ರತಿ ವಾರ ಹೋಗಿಯೇ ಹೋಗುತ್ತದೆ. ಅದನ್ನು ರೈಲಿಗೆ ಕೊಡಿ. ಅದಕ್ಕಿಂತ ಮೇಲಿನ ಏರಿಳಿತ ಲಾರಿಗಿರಲಿ. ಸೋಪು, ಅಡುಗೆ ಎಣ್ಣೆ, ಉಪ್ಪು ರೈಲಿಗೆ ಹೊಂದುತ್ತವೆ. ಬ್ರೆಡ್ಡು, ನಾಳೆಯ ಆಫರ್ ಮಾಲು ಹೊಂದುವುದಿಲ್ಲ. 500 ಕಿ.ಮೀ. ಒಳಗಿನ ದಾರಿಗೆ ಸಾಮಾನ್ಯವಾಗಿ ಲಾರಿಯೇ ವಾಸಿ.

ಯಾವುದರಲ್ಲಿ? 42 ವ್ಯಾಗನ್‌ಗಳ ಇಡೀ ರೇಕ್ (ಒಂದು ಪೂರ್ತಿ ಗೂಡ್ಸ್ ರೈಲು) ತುಂಬಿಸುವುದು ಸಿಮೆಂಟು, ಗೊಬ್ಬರದವರಿಗೆ ಸರಿ. ಅಂಗಡಿ ಸರಪಳಿಗೆ ಉಳಿಯುವುದು ಪಾರ್ಸೆಲ್ ವ್ಯಾನ್ (ಸುಮಾರು 23 ಟನ್), ಇಲ್ಲವೇ 20 ಅಡಿ ಕಂಟೇನರ್. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾದದ್ದು 1981ರಲ್ಲಿ, ಬೆಂಗಳೂರಿನಲ್ಲೇ. ಈಗ ಆ ಕೆಲಸ ವೈಟ್‌ಫೀಲ್ಡ್‌ನಲ್ಲಿ ನಡೆಯುತ್ತದೆ. ಕರಾವಳಿಯವರಿಗೆ ಇನ್ನೊಂದು ದಾರಿಯಿದೆ: ಲಾರಿಯನ್ನೇ ವ್ಯಾಗನ್ ಮೇಲೆ ಹತ್ತಿಸುವ ಕೊಂಕಣ ರೈಲ್ವೆಯ ರೋ-ರೋ ಸೇವೆ.

ಲೆಕ್ಕ ಹೇಗೆ? ಗೋದಾಮಿನಿಂದ ಯಾರ್ಡಿಗೆ ಟ್ರೇಲರ್ ಬಾಡಿಗೆ, ಎತ್ತಿಳಿಸುವ ಶುಲ್ಕ ಎರಡು ಸಲ, ರೈಲು ದರ, ಆಚೆ ತುದಿಯ ಟ್ರೇಲರ್, ಹಮಾಲಿ, ಖಾಲಿ ಕಂಟೇನರ್ ಹಿಂದಿರುಗಿಸುವ ಖರ್ಚು, ಎಲ್ಲ ಕೂಡಿಸಿ. ಮೇಲೆ ಬಡ್ಡಿ: 20 ಲಕ್ಷ ರೂಪಾಯಿಯ ಮಾಲು ಶೇ 12ರ ಬಡ್ಡಿಯಲ್ಲಿ ದಾರಿಯಲ್ಲಿ ನಿಂತರೆ ದಿನಕ್ಕೆ ಸುಮಾರು 658 ರೂಪಾಯಿ. ಇದಕ್ಕಿಂತ ದುಬಾರಿಯಾದದ್ದು ಅನಿಶ್ಚಯ. ಪ್ರತಿ ಸಲ 8 ದಿನವಾದರೆ ನಿಭಾಯಿಸಬಹುದು. ಒಮ್ಮೆ 6, ಮತ್ತೊಮ್ಮೆ 10 ಎಂದಾದರೆ ಆ ತುದಿಯಲ್ಲಿ ಎರಡು ದಿನದ ಹೆಚ್ಚುವರಿ ದಾಸ್ತಾನು ಇಡಲೇಬೇಕು. ಹಾಗಾಗಿ ಒಪ್ಪಂದಕ್ಕೆ ಮೊದಲು ಹತ್ತು ಕಂಟೇನರ್ ಪ್ರಯೋಗಕ್ಕೆ ಕಳಿಸಿ, ಗೇಟಿನಿಂದ ಗೇಟಿಗೆ ಹಿಡಿದ ಸಮಯ ಬರೆದಿಡಿ. ಸರಾಸರಿಗಿಂತ ಅತಿ ತಡವಾದ ಸಲವನ್ನೇ ನೋಡಿ.

ಲೋಡಿಂಗ್. ಹೆಚ್ಚು ಮಾಲು ಹಾಳಾಗುವುದು ಇಲ್ಲಿನ ಅಜಾಗರೂಕತೆಯಿಂದ. ಖಾಲಿ ಕಂಟೇನರ್ ಬಂದೊಡನೆ ಒಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಲಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಮಳೆನೀರೂ ಅಲ್ಲಿಂದಲೇ ಬರುತ್ತದೆ, ವಾಪಸ್ ಕಳಿಸಿ. ಶಂಟಿಂಗ್ (ವ್ಯಾಗನ್‌ಗಳನ್ನು ಜೋಡಿಸುವ, ಬಿಡಿಸುವ ಕೆಲಸ) ಹೊಡೆತ ಹಿಂದುಮುಂದಾಗಿ ಬೀಳುವುದರಿಂದ ಪೆಟ್ಟಿಗೆಗಳ ನಡುವಿನ ಸಂದುಗಳೆಲ್ಲ ಸೇರಿ ಯಾವ ದಿಕ್ಕಿಗೂ 15 ಸೆಂ.ಮೀ. ಮೀರಬಾರದು. ಮೀರಿದರೆ ಗಾಳಿಚೀಲ ತುರುಕಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ತೂಕ ಒಂದೇ ಬದಿಗೆ ವಾಲಬಾರದು. ಸೋಪಿನ ಪಕ್ಕದಲ್ಲಿ ಚಹಾಪುಡಿ ಇಟ್ಟರೆ ಏನಾಗುತ್ತದೆಂದು ಗ್ರಾಹಕರೇ ಹೇಳುತ್ತಾರೆ! 25 ಟನ್ ಉಪ್ಪು ಹಾಕಿದರೂ ಕಂಟೇನರ್‌ನಲ್ಲಿ ಮೇಲೆ ಜಾಗ ಉಳಿಯುತ್ತದೆ. ಚಿಪ್ಸ್ ತುಂಬಿದರೆ ಬಾಗಿಲವರೆಗೆ ಬಂದರೂ ತೂಕ ಎರಡು ಮೂರು ಟನ್ ಅಷ್ಟೇ. ಉಪ್ಪಿನ ಮೇಲೆ ಹಲಗೆ ಹಾಸಿ ಚಿಪ್ಸ್ ಪೇರಿಸಿದರೆ ಎರಡರ ಬಾಡಿಗೆಯೂ ಇಳಿಯುತ್ತದೆ.

ಕಾಗದಪತ್ರ. ಮಾಲು ಸಾಗಿಸಲು ಜಿಎಸ್‌ಟಿ ಅಡಿ ಬೇಕಾದ ಇ-ವೇ ಬಿಲ್‌ನಲ್ಲಿ ವಾಹನದ ವಿವರವಿರುವ ಭಾಗ ಬಿ ಅನ್ನು ವಾಹನ ಬದಲಾದಾಗಲೆಲ್ಲ ತಿದ್ದಬೇಕು: ಮೊದಲು ಟ್ರೇಲರ್ ನಂಬರು, ನಂತರ ರೈಲ್ವೆ ರಸೀದಿ ನಂಬರು, ಕೊನೆಗೆ ಆಚೆಯ ಟ್ರೇಲರ್. ಅವಧಿ 200 ಕಿ.ಮೀ.ಗೆ ಒಂದು ದಿನ. ಯಾರ್ಡಿನಲ್ಲಿ ಮಾಲು ಕೂತು ಅವಧಿ ಮುಗಿಯುವಂತಾದರೆ, ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಿ. ಯಾರ್ಡಿನ ಉಚಿತ ಸಮಯ ಮೀರಿದರೆ ನೆಲಬಾಡಿಗೆ ಬೀಳುತ್ತದೆ. ಆಚೆಯ ಟ್ರೇಲರನ್ನು ರೈಲು ತಲುಪುವ ಮುನ್ನಾದಿನವೇ ಗೊತ್ತುಮಾಡಿ.

ಲಾರಿ ಮಾಲೀಕರ ಒಪ್ಪಂದವನ್ನು ಪೂರ್ತಿ ಕಡಿಯಬೇಡಿ. 2024ರ ಜುಲೈನಲ್ಲಿ ಸಕಲೇಶಪುರ ಘಾಟಿಯ ಯಡಕುಮರಿ ಬಳಿ ಭೂಕುಸಿತವಾಗಿ ಹಾಸನ–ಮಂಗಳೂರು ಮಾರ್ಗದಲ್ಲಿ ಹಲವು ದಿನ ರೈಲು ಓಡಲಿಲ್ಲ. ಅಂಥ ವಾರದಲ್ಲಿ ಫೋನ್ ಮಾಡಿದರೆ ಲಾರಿ ಕಳಿಸುವುದು ವರ್ಷವಿಡೀ ಒಂದಿಷ್ಟು ಲೋಡು ಕೊಟ್ಟವರಿಗೆ ಮಾತ್ರ.